ಪ್ರಶ್ನೋತ್ತರ: ಕೇಸು ಬೀಳುವ ಮೊದಲೇ ಕ್ಷಮಾದಾನ

ಅಮೆರಿಕದ ಅಧ್ಯಕ್ಷ ಜೋ ಬೈಡನ್ ಅಧಿಕಾರ ಬಿಟ್ಟ ದಿನ, ಅಂದರೆ 2025ರ ಜನವರಿ 20ರಂದು, ಯಾವ ಆರೋಪವೂ ಇಲ್ಲದ ಹಲವರಿಗೆ ಕ್ಷಮಾದಾನ ಕೊಟ್ಟರು. ವೈದ್ಯ ಆಂಟನಿ ಫೌಚಿ, ಸೇನೆಯ ನಿವೃತ್ತ ಜನರಲ್ ಮಾರ್ಕ್ ಮಿಲಿ, 2021ರಲ್ಲಿ ಅಲ್ಲಿನ ಸಂಸತ್ ಭವನದ ಮೇಲೆ ನಡೆದ ದಾಳಿಯ ತನಿಖೆ ನಡೆಸಿದ ಸಂಸದೀಯ ಸಮಿತಿಯವರು, ಅಲ್ಲಿ ಸಾಕ್ಷಿ ಹೇಳಿದ ಪೊಲೀಸರು, ಕೊನೆಗೆ ತಮ್ಮದೇ ಕುಟುಂಬದ ಐವರು. ಮುಂದೆ ಬರುವ ಸರ್ಕಾರ ಇವರ ಮೇಲೆ ಹಗೆ ಸಾಧಿಸಬಹುದು ಎಂಬುದು ಅವರು ಕೊಟ್ಟ ಕಾರಣ. ಇಂಥ ಮುಂಗಡ ಕ್ಷಮೆ ಸರಿಯೇ, ಅದು ನಿಜಕ್ಕೂ ಕಾಪಾಡುತ್ತದೆಯೇ ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ.

ಪ್ರ: ಎಫ್‌ಐಆರ್ ಇಲ್ಲ, ವಿಚಾರಣೆ ಇಲ್ಲ, ತೀರ್ಪಂತೂ ಇಲ್ಲವೇ ಇಲ್ಲ. ಹಾಗಿರುವಾಗ ಕ್ಷಮಿಸಿದ್ದಾದರೂ ಏನನ್ನು? ಅವರ ಸಂವಿಧಾನದಲ್ಲಿ ಇದಕ್ಕೆ ಜಾಗ ಎಲ್ಲಿದೆ?
– ನಿವೃತ್ತ ಶಿಕ್ಷಕರು, ಸಾಗರ

ಉ: ಎರಡನೇ ವಿಧಿಯ ಎರಡನೇ ಸೆಕ್ಷನ್ನಿನಲ್ಲಿ. ಅಮೆರಿಕದ ವಿರುದ್ಧದ ಅಪರಾಧಗಳಿಗೆ ಅಧ್ಯಕ್ಷರು ಕ್ಷಮೆ ಕೊಡಬಹುದು, ವಾಗ್ದಂಡನೆಯ ಪ್ರಕರಣಗಳು ಮಾತ್ರ ಹೊರತು ಎಂದು ಅಲ್ಲಿದೆ. ಶಿಕ್ಷೆ ಆಗಿರಬೇಕು ಎಂಬ ಷರತ್ತು ಹಾಕಿಲ್ಲ. ಹಾಕದೆ ಬಿಟ್ಟಿದ್ದರ ಅರ್ಥ ಏನು ಎಂಬುದನ್ನು ಸುಪ್ರೀಂ ಕೋರ್ಟ್ 1866ರ ಗಾರ್ಲೆಂಡ್ ಪ್ರಕರಣದಲ್ಲಿ ಹೇಳಿತು. ಆರ್ಕನ್ಸಾದ ವಕೀಲ ಅಗಸ್ಟಸ್ ಗಾರ್ಲೆಂಡ್ ಅಂತರ್ಯುದ್ಧದ ಕಾಲದಲ್ಲಿ ಬಂಡಾಯದ ರಾಜ್ಯಗಳ ಸಂಸತ್ತಿನಲ್ಲಿ ಕೂತಿದ್ದವರು. 1865ರಲ್ಲಿ ಅಧ್ಯಕ್ಷ ಆ್ಯಂಡ್ರೂ ಜಾನ್ಸನ್ ಅವರಿಂದ ಕ್ಷಮೆ ಸಿಕ್ಕಿತ್ತು. ಆದರೆ ಬಂಡಾಯಕ್ಕೆ ನೆರವಾಗಿಲ್ಲ ಎಂದು ಪ್ರಮಾಣ ಮಾಡದ ವಕೀಲರು ಫೆಡರಲ್, ಅಂದರೆ ಕೇಂದ್ರದ, ಕೋರ್ಟಿನಲ್ಲಿ ವಾದಿಸುವಂತಿಲ್ಲ ಎಂಬ ಕಾಯ್ದೆ ಅಡ್ಡ ಬಂತು. ಅವರು ಕೋರ್ಟಿಗೆ ಹೋದರು, 5–4ರಲ್ಲಿ ಗೆದ್ದರು. ಅಪರಾಧ ನಡೆದ ಮೇಲೆ ಯಾವಾಗ ಬೇಕಾದರೂ, ಮೊಕದ್ದಮೆ ಹೂಡುವ ಮೊದಲೇ ಆಗಲಿ, ನಡೆಯುತ್ತಿರುವಾಗಲೇ ಆಗಲಿ, ಶಿಕ್ಷೆಯಾದ ಮೇಲೇ ಆಗಲಿ ಕ್ಷಮೆ ಕೊಡಬಹುದು ಎಂದಿತು ಕೋರ್ಟ್.

'ಅಪರಾಧ ನಡೆದ ಮೇಲೆ' ಎಂಬಲ್ಲಿ ಒಂದು ಗೆರೆ ಇದೆ. ನಾಳೆ ಮಾಡುವ ತಪ್ಪಿಗೆ ಇವತ್ತೇ ಕ್ಷಮೆ ಬರೆದುಕೊಡಲು ಯಾವ ಅಧ್ಯಕ್ಷರಿಗೂ ಬರುವುದಿಲ್ಲ.

ಪ್ರ: ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ! ಕ್ಷಮೆ ಒಪ್ಪಿಕೊಂಡರೆ ತಪ್ಪನ್ನೂ ಒಪ್ಪಿಕೊಂಡಂತೆಯೇ?
– ಓದುಗರು, ಹಾವೇರಿ

ಉ: ಜನರ ಕಣ್ಣಿಗೆ ಹೌದು, ಕಾನೂನಿನಲ್ಲಿ ಅಷ್ಟು ಸರಳವಲ್ಲ. ಈ ಮಾತಿನ ಮೂಲ 1915ರ ಬರ್ಡಿಕ್ ತೀರ್ಪು. ಜಾರ್ಜ್ ಬರ್ಡಿಕ್ 'ನ್ಯೂಯಾರ್ಕ್ ಟ್ರಿಬ್ಯೂನ್' ಪತ್ರಿಕೆಯ ನಗರ ಸಂಪಾದಕ. ಸೀಮಾಸುಂಕದ ವಂಚನೆಯ ಬಗ್ಗೆ ಅವರ ಪತ್ರಿಕೆ ಸುದ್ದಿ ಬರೆದಿತ್ತು, ಸುದ್ದಿ ಕೊಟ್ಟವರು ಯಾರು ಎಂದು ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಕೇಳಿತು. ನನ್ನ ಮಾತು ನನ್ನ ವಿರುದ್ಧವೇ ತಿರುಗಬಹುದು, ಹೇಳಲಾರೆ ಎಂದರು ಬರ್ಡಿಕ್. ಆಗ ಅಧ್ಯಕ್ಷ ವುಡ್ರೋ ವಿಲ್ಸನ್ ಅವರಿಗೆ ಕ್ಷಮಾದಾನ ಕಳಿಸಿದರು. ಶಿಕ್ಷೆಯ ಭಯ ಇಲ್ಲವಾದರೆ ಬಾಯಿ ಬಿಡಲೇಬೇಕಲ್ಲ ಎಂಬುದು ಲೆಕ್ಕಾಚಾರ. ಬರ್ಡಿಕ್ ಅದನ್ನು ಮುಟ್ಟಲೇ ಇಲ್ಲ. ಬೇಡ ಎನ್ನುವ ಹಕ್ಕು ಅವರಿಗಿದೆ ಎಂದ ಕೋರ್ಟ್, ಕ್ಷಮೆಗೆ ತಪ್ಪಿತಸ್ಥನೆಂಬ ಕಳಂಕ ಅಂಟಿರುತ್ತದೆ, ಸ್ವೀಕರಿಸಿದರೆ ಒಪ್ಪಿಕೊಂಡಂತೆ ಎಂದೂ ಮಾತಿನ ನಡುವೆ ಸೇರಿಸಿತು.

ಆ ಸಾಲು ತೀರ್ಪಿನ ಆಧಾರವಾಗಿರಲಿಲ್ಲ. ಕ್ಷಮೆ ಒಪ್ಪಿಕೊಂಡ ಮಾತ್ರಕ್ಕೆ ಅಪರಾಧ ಒಪ್ಪಿಕೊಂಡಂತೆ ಆಗುವುದಿಲ್ಲ ಎಂದು 2021ರಲ್ಲಿ ಹತ್ತನೇ ಸರ್ಕೀಟ್ ಮೇಲ್ಮನವಿ ಕೋರ್ಟ್ ಒಬ್ಬ ಮಾಜಿ ಸೇನಾಧಿಕಾರಿಯ ಪ್ರಕರಣದಲ್ಲಿ ಹೇಳಿದೆ. ಬೈಡನ್ ಕೂಡ ತಮ್ಮ ಹೇಳಿಕೆಯಲ್ಲಿ ಇದನ್ನೇ ಬಿಡಿಸಿ ಹೇಳಿದ್ದರು. ಆದರೂ ವಾಟರ್‌ಗೇಟ್ ಹಗರಣದಿಂದ ಅಧಿಕಾರ ಬಿಟ್ಟ ರಿಚರ್ಡ್ ನಿಕ್ಸನ್ ಅವರನ್ನು ಕ್ಷಮಿಸಿದ ಮುಂದಿನ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಬರ್ಡಿಕ್ ತೀರ್ಪಿನ ಆ ಸಾಲನ್ನು ಪರ್ಸಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು, ಟೀಕೆ ಮಾಡಿದವರಿಗೆ ತೋರಿಸಲು. ರಾಜಕಾರಣದಲ್ಲಿ ಆ ಸಾಲು ಇನ್ನೂ ಬದುಕಿದೆ.

ಪ್ರ: ಕ್ಷಮಾದಾನ ಪತ್ರದಲ್ಲಿ ನಿಜಕ್ಕೂ ಏನು ಬರೆದಿರುತ್ತದೆ? ಅಪರಾಧದ ಹೆಸರೇ ಇಲ್ಲದೆ ಹೇಗೆ ಬರೆಯುತ್ತಾರೆ?
– ಕಾನೂನು ವಿದ್ಯಾರ್ಥಿನಿ, ಧಾರವಾಡ

ಉ: ಒಳ್ಳೆಯ ಪ್ರಶ್ನೆ. ಈ ವಿಷಯದಲ್ಲಿ ಜಗಳ ಆಡುವ ಬಹುತೇಕರು ಪತ್ರವನ್ನೇ ಓದಿರುವುದಿಲ್ಲ. ಪತ್ರದ ತಿರುಳು ಒಂದೇ ವಾಕ್ಯ. ಆ ವಾಕ್ಯಕ್ಕೆ ಎಲ್ಲಿ ಬೇಲಿ ಹಾಕಿದ್ದಾರೆ ಎಂಬುದನ್ನು ನೋಡಬೇಕು.

ಮೊದಲನೆಯ ಬಗೆಯಲ್ಲಿ ಕಾಲದ ಬೇಲಿ ಮಾತ್ರ ಇರುತ್ತದೆ. 1974ರ ಸೆಪ್ಟೆಂಬರ್ 8ರಂದು ಫೋರ್ಡ್ ನಿಕ್ಸನ್‌ಗೆ ಕೊಟ್ಟದ್ದು ಇಂಥದ್ದು. 1969ರ ಜನವರಿ 20ರಿಂದ 1974ರ ಆಗಸ್ಟ್ 9ರವರೆಗೆ ಅವರು ಮಾಡಿದ ಅಥವಾ ಮಾಡಿರಬಹುದಾದ ಎಲ್ಲ ಫೆಡರಲ್ ಅಪರಾಧಗಳಿಗೆ ಕ್ಷಮೆ. (ಟಿವಿಯಲ್ಲಿ ಓದುವಾಗ ಫೋರ್ಡ್ ಜನವರಿಯನ್ನು ಜುಲೈ ಎಂದುಬಿಟ್ಟರು. ಸಹಿ ಮಾಡಿದ ಪ್ರತಿಯಲ್ಲಿ ಸರಿಯಾಗಿಯೇ ಇತ್ತು.) ಇದರ ವಿರುದ್ಧ ಮಿಷಿಗನ್ನಿನ ವಕೀಲರೊಬ್ಬರು ಹೂಡಿದ ದಾವೆಯನ್ನು 1975ರಲ್ಲಿ ಅಲ್ಲಿನ ಫೆಡರಲ್ ಜಿಲ್ಲಾ ಕೋರ್ಟ್ ತಳ್ಳಿಹಾಕಿತು. 2024ರ ಡಿಸೆಂಬರ್ 1ರಂದು ಬೈಡನ್ ಮಗ ಹಂಟರ್‌ಗೆ ಕೊಟ್ಟದ್ದೂ ಇದೇ ಅಚ್ಚಿನದು: 2014ರ ಜನವರಿ 1ರಿಂದ ಆ ದಿನದವರೆಗೆ, ಹತ್ತಿರ ಹತ್ತಿರ 11 ವರ್ಷ. ಕುಟುಂಬದ ಉಳಿದ ಐವರಿಗೂ 2014ರಿಂದಲೇ ಲೆಕ್ಕ, ಆದರೆ ಹಿಂಸೆಯಿಲ್ಲದ ಅಪರಾಧಗಳಿಗೆ ಮಾತ್ರ.

ಎರಡನೆಯ ಬಗೆಯಲ್ಲಿ ಕಾಲದ ಜೊತೆ ಹುದ್ದೆಯ ಬೇಲಿಯೂ ಇರುತ್ತದೆ. ಫೌಚಿ ಅವರ ಪತ್ರ 2014ರಿಂದ ಶುರುವಾದರೂ ಸಾಂಕ್ರಾಮಿಕ ರೋಗಗಳ ಸಂಸ್ಥೆಯ ನಿರ್ದೇಶಕರಾಗಿ, ಕೊರೊನಾ ಕಾರ್ಯಪಡೆಯ ಸದಸ್ಯರಾಗಿ, ಅಧ್ಯಕ್ಷರ ವೈದ್ಯಕೀಯ ಸಲಹೆಗಾರರಾಗಿ ಮಾಡಿದ ಕೆಲಸಕ್ಕೆ ಸಂಬಂಧಿಸಿದ್ದನ್ನಷ್ಟೇ ಹಿಡಿಯುತ್ತದೆ.

ಮೂರನೆಯದು ವಿಷಯದ ಬೇಲಿ. ಸಂಸದೀಯ ಸಮಿತಿಯ ಒಂಬತ್ತು ಸದಸ್ಯರು, ಸಿಬ್ಬಂದಿ, ಸಾಕ್ಷಿ ಹೇಳಿದ ಪೊಲೀಸರು ಇವರಿಗೆಲ್ಲ ಒಂದೇ ಪತ್ರ. ಸಮಿತಿಯ ಕೆಲಸ ಅಥವಾ ಅದು ತನಿಖೆ ಮಾಡಿದ ವಿಷಯಕ್ಕೆ ಸಂಬಂಧಿಸಿದ ಅಪರಾಧಗಳಿಗೆ ಮಾತ್ರ ಅದು ಅನ್ವಯ. ಹೆಸರುಗಳ ಬದಲು ಗುಂಪನ್ನು ಹೇಳಿದರೂ ನಡೆಯುತ್ತದೆ. ವಿಯೆಟ್ನಾಂ ಯುದ್ಧದ ಸೇನಾ ಭರ್ತಿ ತಪ್ಪಿಸಿಕೊಂಡವರನ್ನು 1977ರ ಜನವರಿ 21ರಂದು, ಅಧಿಕಾರ ಹಿಡಿದ ಮರುದಿನವೇ, ಜಿಮ್ಮಿ ಕಾರ್ಟರ್ ಹೀಗೆ ಸಾಮೂಹಿಕವಾಗಿ ಕ್ಷಮಿಸಿದ್ದರು.

ಪ್ರ: ಇದು ಕೈಯಲ್ಲಿದ್ದರೆ ಮುಂದಿನ ಸರ್ಕಾರ ಏನೂ ಮಾಡಲು ಆಗುವುದಿಲ್ಲವೇ?
– ಓದುಗರು, ಬೆಂಗಳೂರು

ಉ: ಮಾಡಬಹುದು, ಬೇಕಾದಷ್ಟಿದೆ. ಕ್ಷಮಾದಾನ ಮುಚ್ಚುವುದು ಒಂದೇ ಬಾಗಿಲನ್ನು, ಫೆಡರಲ್ ಕ್ರಿಮಿನಲ್ ಮೊಕದ್ದಮೆಯನ್ನು. ರಾಜ್ಯಗಳ ಕಾನೂನು ಅದರ ಹೊರಗಿದೆ. ಟ್ರಂಪ್ ಅವರ ಮಾಜಿ ಸಲಹೆಗಾರ ಸ್ಟೀವ್ ಬ್ಯಾನನ್ ಉದಾಹರಣೆ ನೋಡಿ. ಗಡಿ ಗೋಡೆ ಕಟ್ಟುತ್ತೇವೆಂದು ಎತ್ತಿದ ದೇಣಿಗೆಯ ವಂಚನೆ ಕೇಸಿನಲ್ಲಿ ವಿಚಾರಣೆಗೆ ಮೊದಲೇ, 2021ರ ಜನವರಿಯಲ್ಲಿ, ಟ್ರಂಪ್ ಅವರನ್ನು ಕ್ಷಮಿಸಿದರು. 2022ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯ ಅದೇ ದೇಣಿಗೆಯ ಮೇಲೆ ತನ್ನ ಕಾನೂನಿನಡಿ ಆರೋಪ ಹೊರಿಸಿತು. 2025ರ ಫೆಬ್ರುವರಿಯಲ್ಲಿ ಬ್ಯಾನನ್ ತಪ್ಪೊಪ್ಪಿಕೊಂಡರು. ಜೈಲು ತಪ್ಪಿತು, ಮೂರು ವರ್ಷದ ಷರತ್ತುಬದ್ಧ ಬಿಡುಗಡೆ ಸಿಕ್ಕಿತು.

ಸಿವಿಲ್ ದಾವೆ, ತೆರಿಗೆ ಪರಿಶೀಲನೆ, ವೃತ್ತಿ ಪರವಾನಗಿಯ ಮೇಲಿನ ದೂರು, ಸಂಸತ್ ಸಮಿತಿಯ ಸಮನ್ಸ್ ಯಾವುದನ್ನೂ ಇದು ತಡೆಯುವುದಿಲ್ಲ. ಫೌಚಿ ಅವರಿಗಿದ್ದ ಸರ್ಕಾರಿ ಭದ್ರತೆಯನ್ನು ಹೊಸ ಸರ್ಕಾರ ಬಂದ ವಾರದಲ್ಲೇ ತೆಗೆದರು. ಮಿಲಿ ಅವರ ಭದ್ರತೆಯೂ ಹೋಯಿತು, ರಹಸ್ಯ ದಾಖಲೆ ನೋಡುವ ಅನುಮತಿಯೂ ಹೋಯಿತು. ಪೆಂಟಗನ್ ಗೋಡೆಯ ಮೇಲಿದ್ದ ಅವರ ಭಾವಚಿತ್ರವನ್ನಂತೂ ಪ್ರಮಾಣವಚನದ ದಿನವೇ ಇಳಿಸಿದ್ದರು.

ಇನ್ನೊಂದು ತೊಡಕು ಬರ್ಡಿಕ್ ಕಾಲದಿಂದಲೂ ಇದೆ, ವಕೀಲರು ಕಕ್ಷಿದಾರರಿಗೆ ಮೊದಲು ಹೇಳಬೇಕಾದ್ದು ಇದನ್ನೇ. ಕ್ಷಮೆ ಸಿಕ್ಕ ವಿಷಯದಲ್ಲಿ ಫೆಡರಲ್ ಶಿಕ್ಷೆಯ ಭಯ ಇಲ್ಲವಾದ್ದರಿಂದ, ಐದನೇ ತಿದ್ದುಪಡಿ ಕೊಡುವ ಮೌನದ ಹಕ್ಕು ಅಲ್ಲಿ ಬಲ ಕಳೆದುಕೊಳ್ಳುತ್ತದೆ. ರಾಜ್ಯವೊಂದು ಕೇಸು ಹಾಕಬಹುದೆಂಬ ನಿಜವಾದ ಭಯ ಇದ್ದರೆ ಮಾತ್ರ ಉಳಿಯುತ್ತದೆ. ಅಂದರೆ ಕ್ಷಮೆ ಪಡೆದವರನ್ನು ಕಟಕಟೆಗೆ ಕರೆದು ಪ್ರಮಾಣ ಮಾಡಿಸಿ ಹಳೆಯದನ್ನೆಲ್ಲ ಕೆದಕಬಹುದು. ಆಗ ಒಂದು ಸುಳ್ಳು ಹೊರಬಿದ್ದರೂ ಅದು ಪತ್ರದ ತಾರೀಖಿನ ನಂತರದ ಹೊಸ ಅಪರಾಧ. ಒಳಸಂಚಿನಂಥ ಮುಂದುವರಿಯುವ ಅಪರಾಧಕ್ಕೂ ಇದೇ ಲೆಕ್ಕ. ತಾರೀಖು ದಾಟಿ ಒಂದು ಹೆಜ್ಜೆ ಇಟ್ಟರೂ ರಕ್ಷಣೆ ತಪ್ಪುತ್ತದೆ.

ಪ್ರ: ಸುತ್ತಿ ಬಳಸದೆ ಹೇಳಿ. ಸೇಡಿನ ರಾಜಕಾರಣದಿಂದ ಜನರನ್ನು ಕಾಪಾಡಲು ನಾಯಕರು ಹೀಗೆ ಮಾಡಬೇಕೋ ಬೇಡವೋ?
– ಓದುಗರು, ಉಡುಪಿ

ಉ: ವಿಷಯದ ಬೇಲಿ ಹಾಕಿ, ಬೇರೆ ರಕ್ಷಣೆ ಇಲ್ಲದ ಸಣ್ಣವರಿಗೆ ಕೊಟ್ಟರೆ ಒಪ್ಪಬಹುದು. ಕಾಲದ ಬೇಲಿ ಮಾತ್ರ ಹಾಕಿ ತನ್ನವರಿಗೆ ಕೊಡುವುದನ್ನು ಒಪ್ಪಲಾಗದು.

ಭಯ ಸುಳ್ಳಾಗಿರಲಿಲ್ಲ. ತನಿಖಾ ಸಮಿತಿಯವರು ಜೈಲಿಗೆ ಹೋಗಬೇಕು ಎಂದು 2024ರ ಡಿಸೆಂಬರ್‌ನಲ್ಲಿ ಟ್ರಂಪ್ ಟಿವಿ ಸಂದರ್ಶನದಲ್ಲೇ ಹೇಳಿದ್ದರು. ಕ್ಷಮಾದಾನದ ಪಟ್ಟಿಯಲ್ಲಿ ಇಲ್ಲದವರಿಗೆ ಏನಾಯಿತು ಎಂಬುದೂ ಕಣ್ಣ ಮುಂದಿದೆ. ಎಫ್‌ಬಿಐ ಮಾಜಿ ನಿರ್ದೇಶಕ ಜೇಮ್ಸ್ ಕೋಮಿ 2020ರ ಸೆಪ್ಟೆಂಬರ್ 30ರಂದು ಸೆನೆಟ್ ಮುಂದೆ ಹೇಳಿದ ಮಾತು ಸುಳ್ಳೆಂದು 2025ರ ಸೆಪ್ಟೆಂಬರ್ 25ರಂದು ಆರೋಪ ಹೊರಿಸಿದರು. ಫೆಡರಲ್ ಅಪರಾಧಗಳಿಗೆ ಸಾಮಾನ್ಯವಾಗಿ ಐದು ವರ್ಷದ ಕಾಲಮಿತಿ. ಅದು ಮುಗಿಯಲು ಐದು ದಿನ ಬಾಕಿ ಇತ್ತು! ಅಕ್ಟೋಬರ್ 9ರಂದು ನ್ಯೂಯಾರ್ಕಿನ ಅಟಾರ್ನಿ ಜನರಲ್ ಲೆಟಿಷಿಯಾ ಜೇಮ್ಸ್ ಸರದಿ. ಎರಡೂ ಕೇಸುಗಳನ್ನು ನವೆಂಬರ್ 24ರಂದು ಕೋರ್ಟ್ ವಜಾ ಮಾಡಿತು, ಆರೋಪ ತಂದ ಪ್ರಾಸಿಕ್ಯೂಟರ್ ನೇಮಕವೇ ಕಾನೂನುಬಾಹಿರ ಎಂಬ ಕಾರಣಕ್ಕೆ. ನ್ಯಾಯಾಲಯ ಇದೆಯಲ್ಲ, ಕ್ಷಮೆ ಯಾಕೆ ಎನ್ನುವವರು ಇದನ್ನೇ ತೋರಿಸುತ್ತಾರೆ. ಆದರೆ ವಜಾ ಆಗುವವರೆಗೆ ವಕೀಲರ ಫೀಸು ಕಟ್ಟಿದವರು ಆರೋಪಿಗಳೇ. ದುರುದ್ದೇಶದ ಮೊಕದ್ದಮೆ ಎಂದು ಸಾಬೀತಾದರೆ ಸರ್ಕಾರದಿಂದ ಆ ಖರ್ಚು ವಸೂಲು ಮಾಡಲು 1997ರ ಹೈಡ್ ತಿದ್ದುಪಡಿ ದಾರಿ ಕೊಡುತ್ತದೆ, ಆದರೆ ಸಾಬೀತು ಮಾಡುವ ಹೊರೆ ಆರೋಪಿಯ ಮೇಲೆಯೇ. ದೊಡ್ಡವರು ಹೇಗೋ ತಡೆದುಕೊಳ್ಳುತ್ತಾರೆ. ಪೊಲೀಸ್ ಸಿಬ್ಬಂದಿಯೊಬ್ಬ ಮನೆ ಮಾರಬೇಕಾಗುತ್ತದೆ.

ಆ ಪಟ್ಟಿಯನ್ನು ಈ ಅಳತೆಗೆ ಹಿಡಿದು ನೋಡಿ. ಸಮಿತಿಯ ಸಂಸದರಿಗೆ ಕ್ಷಮೆಯ ಅಗತ್ಯ ಎಲ್ಲರಿಗಿಂತ ಕಡಿಮೆ ಇತ್ತು. ಸಂಸತ್ತಿನ ಕೆಲಸದಲ್ಲಿ ಆಡಿದ ಮಾತು, ಮಾಡಿದ ತನಿಖೆಗೆ ಅವರ ಮೇಲೆ ಕೇಸು ಹಾಕದಂತೆ ಸಂವಿಧಾನದ ಮೊದಲನೇ ವಿಧಿಯೇ ಕಾಯುತ್ತದೆ. ಸದಸ್ಯರ ಪರವಾಗಿ ಕೆಲಸ ಮಾಡುವ ಸಿಬ್ಬಂದಿಗೂ ಅದರ ನೆರಳು ಸಿಗುತ್ತದೆಂದು 1972ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಾಕ್ಷಿ ಹೇಳಿದ ಪೊಲೀಸರಿಗೆ ಅಂಥ ನೆರಳು ಇರಲಿಲ್ಲ, ನಿಜವಾದ ಅಗತ್ಯ ಇದ್ದದ್ದು ಅವರಿಗೆ. ಫೌಚಿ ನಡುವೆ ಬರುತ್ತಾರೆ: ಹುದ್ದೆಯ ಬೇಲಿ ಸರಿ, ಹನ್ನೊಂದು ವರ್ಷ ಯಾಕೆ ಎಂಬುದಕ್ಕೆ ಸಮಾಧಾನಕರ ವಿವರಣೆ ಇಲ್ಲ. ಕುಟುಂಬದವರಿಗೆ ಕೊಟ್ಟದ್ದು ಪ್ರಮಾಣವಚನಕ್ಕೆ ಕೆಲವೇ ನಿಮಿಷ ಬಾಕಿ ಇದ್ದಾಗ ಹೊರಬಿತ್ತು. ಅದು ಉಳಿದವರ ಕ್ಷಮೆಗೂ ಮಸಿ ಬಳಿಯಿತು.

ತನ್ನವರನ್ನು ಕ್ಷಮಿಸುವಾಗ ತನ್ನನ್ನೂ ಕಾಪಾಡಿಕೊಂಡ ಅನುಮಾನ ಬಿಡುವುದಿಲ್ಲ. 1992ರ ಡಿಸೆಂಬರ್ 24ರಂದು ಹಿರಿಯ ಬುಷ್, ಇರಾನಿಗೆ ಗುಟ್ಟಾಗಿ ಶಸ್ತ್ರ ಮಾರಿದ ಇರಾನ್–ಕಾಂಟ್ರಾ ಹಗರಣದಲ್ಲಿ ಸಿಕ್ಕಿದ್ದ ಮಾಜಿ ರಕ್ಷಣಾ ಸಚಿವ ಕ್ಯಾಸ್ಪರ್ ವೈನ್‌ಬರ್ಗರ್ ಮತ್ತು ಇನ್ನೂ ಐವರನ್ನು ಕ್ಷಮಿಸಿದರು. ವೈನ್‌ಬರ್ಗರ್ ವಿಚಾರಣೆ ಜನವರಿ 5ಕ್ಕೆ ನಿಗದಿಯಾಗಿತ್ತು, ಅದು ನಡೆದಿದ್ದರೆ ಹಗರಣದ ಕಾಲದಲ್ಲಿ ಉಪಾಧ್ಯಕ್ಷರಾಗಿದ್ದ ಬುಷ್ ಅವರನ್ನೇ ಸಾಕ್ಷಿಗೆ ಕರೆಯುವ ಸಾಧ್ಯತೆ ಇತ್ತು.

ಇನ್ನು ಮುಂದಿನವರು ಕಲಿಯುವ ಪಾಠ. 2025ರ ನವೆಂಬರ್‌ನಲ್ಲಿ ಟ್ರಂಪ್, 2020ರ ಚುನಾವಣೆಯಲ್ಲಿ ರಾಜ್ಯಗಳ ಪರವಾಗಿ ಅಧ್ಯಕ್ಷರಿಗೆ ಮತ ಹಾಕುವ ಪ್ರತಿನಿಧಿಗಳ (ಎಲೆಕ್ಟರ್) ನಕಲಿ ಪಟ್ಟಿಗೆ ಸಂಬಂಧಿಸಿ ತಮ್ಮ ಮಾಜಿ ವಕೀಲ ರೂಡಿ ಜೂಲಿಯಾನಿ, ಮಾಜಿ ಸಿಬ್ಬಂದಿ ಮುಖ್ಯಸ್ಥ ಮಾರ್ಕ್ ಮೆಡೋಸ್ ಸೇರಿದಂತೆ 77 ಮಂದಿಗೆ ಕ್ಷಮಾದಾನ ಕೊಟ್ಟರು. ಅವರ ಮೇಲೆ ಆಗ ಫೆಡರಲ್ ಆರೋಪವೇ ಇರಲಿಲ್ಲ, ಇದ್ದ ಕೇಸುಗಳೆಲ್ಲ ರಾಜ್ಯಗಳವು. ಹೆಸರಿಸಿದವರಿಗೆ ಮಾತ್ರ ಸೀಮಿತವಲ್ಲ ಎಂದೂ ಪತ್ರದಲ್ಲಿತ್ತು, ಟ್ರಂಪ್ ಅವರಿಗೆ ಇದು ಅನ್ವಯಿಸದು ಎಂದೂ ಇತ್ತು. ಬೈಡನ್ ಮಾಡಿರದಿದ್ದರೆ ಟ್ರಂಪ್ ಮಾಡುತ್ತಿರಲಿಲ್ಲ ಎನ್ನಲಾಗದು. ಆದರೆ ಆಕ್ಷೇಪಿಸುವ ನೈತಿಕ ಬಲ ಬೈಡನ್ ಪಕ್ಷಕ್ಕೆ ಅಷ್ಟರಮಟ್ಟಿಗೆ ಕುಂದಿತ್ತು.

ಪ್ರ: ಬೈಡನ್ ಸಹಿಯನ್ನು ಯಂತ್ರ ಮಾಡಿದ್ದು, ಆದ್ದರಿಂದ ಕ್ಷಮೆ ರದ್ದು ಎಂದರಲ್ಲ ಟ್ರಂಪ್?
– ಓದುಗರು, ಬಳ್ಳಾರಿ

ಉ: 2025ರ ಮಾರ್ಚ್‌ನಲ್ಲಿ ಹಾಗೆ ಬರೆದಿದ್ದರು. ಆಟೋಪೆನ್ ಎಂದರೆ ನಿಜವಾದ ಪೆನ್ನನ್ನು ಹಿಡಿದು ಸಹಿಯನ್ನು ಪಡಿಯಚ್ಚಿನಂತೆ ಬರೆಯುವ ಯಂತ್ರ. ಕ್ಷಮೆಯನ್ನು ಯಾವ ರೂಪದಲ್ಲಿ ಕೊಡಬೇಕೆಂದು ಸಂವಿಧಾನವಾಗಲಿ ಕಾಯ್ದೆಯಾಗಲಿ ಹೇಳಿಲ್ಲ ಎಂದು 1929ರಲ್ಲೇ ಸರ್ಕಾರದ ಸಾಲಿಸಿಟರ್ ಜನರಲ್ ಅಭಿಪ್ರಾಯ ಕೊಟ್ಟಿದ್ದರು. ಮಸೂದೆಗೂ ಆಟೋಪೆನ್ ಸಹಿ ಸಾಕು ಎಂದು 2005ರಲ್ಲಿ ನ್ಯಾಯ ಇಲಾಖೆ ಹೇಳಿತು. ತೀರ್ಮಾನ ಅಧ್ಯಕ್ಷರದೇ ಆಗಿತ್ತೇ ಎಂಬುದಷ್ಟೇ ಪ್ರಶ್ನೆ.

ರದ್ದು ಮಾಡಲು ಇರುವ ಕಿಂಡಿ ಬೇರೆ: ಪತ್ರ ಇನ್ನೂ ಕೈ ಸೇರಿರಬಾರದು. 1869ರಲ್ಲಿ ಆ್ಯಂಡ್ರೂ ಜಾನ್ಸನ್ ಹೊರಡುವಾಗ ಕೊಟ್ಟಿದ್ದ ಕ್ಷಮೆಯನ್ನು, ಕೈದಿಗೆ ತಲುಪುವ ಮೊದಲೇ ಯುಲಿಸಿಸ್ ಗ್ರಾಂಟ್ ಹಿಂದಕ್ಕೆ ಪಡೆದರು, ಕೋರ್ಟೂ ಒಪ್ಪಿತು. ಕಿರಿಯ ಬುಷ್ 2008ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ರಿಯಲ್ ಎಸ್ಟೇಟ್ ವ್ಯಾಪಾರಿಯೊಬ್ಬರಿಗೆ ಪ್ರಕಟಿಸಿದ ಕ್ಷಮೆಯನ್ನು ಮರುದಿನವೇ ವಾಪಸ್ ಪಡೆದಿದ್ದೂ ಇದೇ ಕಿಂಡಿಯಿಂದ.

ಪ್ರ: ನಮ್ಮ ರಾಷ್ಟ್ರಪತಿ, ರಾಜ್ಯಪಾಲರು ಹೀಗೆ ಮಾಡಬಹುದೇ?
– ಓದುಗರು, ಮಂಡ್ಯ

ಉ: ಆಗದು. ಸಂವಿಧಾನದ 72 ಮತ್ತು 161ನೇ ವಿಧಿಗಳು ಅಪರಾಧ ಸಾಬೀತಾದವರ ಬಗ್ಗೆ ಮಾತ್ರ ಮಾತಾಡುತ್ತವೆ. ಅದೂ ಸಚಿವ ಸಂಪುಟದ ಸಲಹೆಯಂತೆ ನಡೆಯಬೇಕು (ಮಾರು ರಾಮ್ ತೀರ್ಪು, 1980), ಕಾರಣ ಅಸಂಗತವಾಗಿದ್ದರೆ ಕೋರ್ಟ್ ಪರಿಶೀಲಿಸಬಹುದು (ಎಪುರು ಸುಧಾಕರ್, 2006). ತೀರ್ಪಿಗೆ ಮೊದಲು ನಮ್ಮಲ್ಲಿ ಸಿಗುವ ಕ್ಷಮೆ ಮಾಫಿ ಸಾಕ್ಷಿಯದು, ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 343. ಅದನ್ನು ಕೊಡುವುದು ಮ್ಯಾಜಿಸ್ಟ್ರೇಟರು, ಗೊತ್ತಿರುವುದನ್ನೆಲ್ಲ ಮುಚ್ಚಿಡದೆ ಹೇಳುವ ಷರತ್ತಿನ ಮೇಲೆ.

ನಮ್ಮ ಸರ್ಕಾರಗಳು ತಮಗೆ ಬೇಕಾದವರ ಕೈ ಹಿಡಿಯುವುದು ಕೇಸು ವಾಪಸ್ ಪಡೆಯುವ ದಾರಿಯಿಂದ, ಈಗಿನ ಸೆಕ್ಷನ್ 360. ಪ್ರಾಸಿಕ್ಯೂಟರ್ ಸ್ವತಂತ್ರವಾಗಿ ಯೋಚಿಸಿ ಅರ್ಜಿ ಹಾಕಬೇಕು, ಕೋರ್ಟ್ ಒಪ್ಪಬೇಕು. ಹಳೇ ಹುಬ್ಬಳ್ಳಿ ಗಲಭೆಯದ್ದೂ ಸೇರಿ 43 ಕೇಸುಗಳನ್ನು ಹಿಂಪಡೆಯಲು ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆದೇಶವನ್ನು ಕರ್ನಾಟಕ ಹೈಕೋರ್ಟ್ 2025ರ ಮೇ 29ರಂದು ರದ್ದು ಮಾಡಿತು. ಅಮೆರಿಕದ ಅಧ್ಯಕ್ಷರ ಕ್ಷಮೆಗೆ ಇಂಥ ತಡೆ ಇಲ್ಲ.

ಪ್ರ: ಅಧ್ಯಕ್ಷರು ತಮ್ಮನ್ನೇ ಕ್ಷಮಿಸಿಕೊಂಡರೆ?
– ಪಿಯುಸಿ ವಿದ್ಯಾರ್ಥಿ, ತುಮಕೂರು

ಉ: ತನ್ನ ಕೇಸಿಗೆ ತಾನೇ ನ್ಯಾಯಾಧೀಶನಾಗುವಂತಿಲ್ಲ, ಆದ್ದರಿಂದ ಆಗದು ಎಂದು ನ್ಯಾಯ ಇಲಾಖೆ 1974ರ ಆಗಸ್ಟ್ 5ರಂದು ಬರೆದಿಟ್ಟಿತು, ನಿಕ್ಸನ್ ಅಧಿಕಾರ ಬಿಡಲು ನಾಲ್ಕು ದಿನ ಇದ್ದಾಗ. ಯಾರೂ ಪ್ರಯತ್ನಿಸದ ಕಾರಣ ಕೋರ್ಟಿನ ತೀರ್ಪಿಲ್ಲ.

ಪ್ರ: ನನ್ನ ತಮ್ಮ ಗ್ರೀನ್ ಕಾರ್ಡ್ ಮೇಲೆ ಇಲ್ಲಿದ್ದಾನೆ. ಹಳೆಯದೊಂದು ಕೇಸಿನಲ್ಲಿ ಅವನಿಗೆ ಶಿಕ್ಷೆಯಾಗಿದೆ. ಸಾಮಾನ್ಯರು ಕ್ಷಮೆ ಕೇಳುವುದು ಹೇಗೆ?
– ಓದುಗರು, ನ್ಯೂಜೆರ್ಸಿ

ಉ: ಮೊದಲು ಆದೇಶದ ಪ್ರತಿ ತೆಗೆದು ಯಾವ ಕೋರ್ಟಿನದೆಂದು ನೋಡಿ. ಅಂಗಡಿಯ ಸಣ್ಣ ಕಳವು, ಹೊಡೆದಾಟದಂಥವು ಸಾಮಾನ್ಯವಾಗಿ ರಾಜ್ಯದ ಕೇಸುಗಳು. ಅವಕ್ಕೆ ಅಧ್ಯಕ್ಷರಿಗೆ ಬರೆದು ಪ್ರಯೋಜನವಿಲ್ಲ, ನ್ಯೂಜೆರ್ಸಿಯಲ್ಲಾದರೆ ಗವರ್ನರ್‌ಗೆ ಅರ್ಜಿ. ಫೆಡರಲ್ ಕೇಸಾದರೆ ನ್ಯಾಯ ಇಲಾಖೆಯ ಕ್ಷಮಾದಾನ ಅಟಾರ್ನಿ ಕಚೇರಿಗೆ. ಜೈಲಿನಿಂದ ಹೊರಬಂದು ಐದು ವರ್ಷ ಆಗಿರಬೇಕು, ಜೈಲು ಆಗಿಲ್ಲದಿದ್ದರೆ ಶಿಕ್ಷೆಯ ದಿನದಿಂದ ಐದು ವರ್ಷ. ಫೀಸಿಲ್ಲ. ನಡತೆಯ ಬಗ್ಗೆ ಮೂವರ ಪ್ರಮಾಣಪತ್ರ ಬೇಕು, ಅವರು ಸಂಬಂಧಿಕರಾಗಿರಬಾರದು, ಆದ್ದರಿಂದ ನೀವು ಕೊಟ್ಟರೆ ನಡೆಯದು. ಅರ್ಜಿ ಮುಂದುವರಿದರೆ ಎಫ್‌ಬಿಐ ಹಿನ್ನೆಲೆ ವಿಚಾರಿಸುತ್ತದೆ, ಹಾಗಾಗಿ ಹಳೆಯ ಬಂಧನ, ಬಾಕಿ ತೆರಿಗೆ ಯಾವುದನ್ನೂ ಮರೆಮಾಚಬೇಡಿ. ತಿರಸ್ಕಾರವಾದರೆ ಎರಡು ವರ್ಷ ಬಿಟ್ಟು ಮತ್ತೆ ಹಾಕಬಹುದು.

ಪೂರ್ಣ, ಷರತ್ತಿಲ್ಲದ ಕ್ಷಮೆ ಸಿಕ್ಕರೆ ಗಡೀಪಾರಿನ ಕೆಲವು ಕಾರಣಗಳು ಬಿದ್ದುಹೋಗುತ್ತವೆ, ಮಾದಕ ವಸ್ತುವಿನ ಕೇಸಾದರೆ ಬೀಳುವುದಿಲ್ಲ. ಅಧ್ಯಕ್ಷರು ಅಥವಾ ಗವರ್ನರ್ ಕೊಟ್ಟ ಕ್ಷಮೆ ಮಾತ್ರ ಇದಕ್ಕೆ ಲೆಕ್ಕಕ್ಕೆ ಬರುತ್ತದೆ. ಕೈಯಲ್ಲಿ ಅದು ಬರುವವರೆಗೆ, ವಲಸೆ ವಕೀಲರನ್ನು ಕಾಣದೆ ನಿಮ್ಮ ತಮ್ಮ ಊರಿಗೆಂದು ವಿಮಾನ ಹತ್ತುವುದು ಬೇಡ. ವಾಪಸಾಗುವಾಗ ವಿಮಾನ ನಿಲ್ದಾಣದಲ್ಲೇ ಹಳೆಯ ಶಿಕ್ಷೆಯ ವಿಷಯ ಎತ್ತಿ ತಡೆಯಬಹುದು.